ಅತ್ತಿಯ ಟ್ರಂಕಿನ್ಯಾಗಿನ ರಷ್ಯಾ ರೊಕ್ಕ

ಹೋದ ಗೌರಿ ಹುಣ್ಣಿಮಿಗೆ ಸಕ್ಕರಿ ಆರತಿ ತಗೊಂಡು ಬಂದಿದ್ರೆಲ್ಲಾ, ಆವಾಗ ಪಲ್ಲಂಗದ ಮ್ಯಾಲ ಒಂದು ಆಲ್ಬಮ್ ಬಿದ್ದಿತ್ತು. ಓಣಿ ಹೆಣ್ಮಕ್ಕಳು ಅದನ್ನ ತಗದು ನೋಡಿದ್ರು. "ಇದೇನ್ರೀ ವೈನಿ, ನಿಮ್ಮ ಮಗಳ ಲಗ್ನದ ಫೋಟೋ ಅನಕೊಂಡ್ವಿ, ನೋಡಿದ್ರ ಯಾವದೋ ಬೋಳ ತಲಿ ಅಜ್ಜ ಕುಂತಾನ" ಅಂತ ಒಬ್ಬಾಕಿ ನಕ್ಕಳು. ಆ ಅಜ್ಜನ ಹೆಸರು ಲೆನಿನ್. ಅವು ರಷ್ಯಾದ ನೋಟು. ಆವತ್ತು ಆರತಿ ಗದ್ದಲದಾಗ ಪೂರಾ ಹೇಳಾಕ ಆಗಲಿಲ್ಲ. ಇವತ್ತ ಬರೀತೀನಿ, ಸಾವಕಾಶ ಓದ್ರಿ.

ನಾ ಏನ ದೊಡ್ಡ ಸಂಗ್ರಹಕಾರಳಲ್ಲ. ನನ್ನ ಕಡಿ ಇರೂದು ಬರೇ 43 ರಷ್ಯಾ ನೋಟು. ಅದರಾಗ 12 ನೋಟು ನಮ್ಮ ಮೈದುನ ರಜಾಕ್ಕ ಬಂದಾಗೊಮ್ಮೆ ಒಂದೊಂದ ಎರಡೆರಡ ಪುಸ್ತಕದ ನಡುವ ಇಟ್ಕೊಂಡು ತಂದವು. ಉಳಿದ 31 ನೋಟು ಒಂದೇ ಗಂಟಿನವು. ಆ ಗಂಟು ನಮ್ಮತ್ತಿಯ ಟ್ರಂಕಿನ್ಯಾಗ, ಇಳಕಲ್ ಸೀರಿ ಮಡಿಕಿಯೊಳಗ, 23 ವರ್ಷ ಕುಂತಿತ್ತು.

1990ರಾಗ ಮೈದುನ ಡಾಕ್ಟರಕಿ ಕಲಿಯಾಕ ಮಾಸ್ಕೋಕ್ಕ ಹೋದ. ನಾ ಈ ಮನಿಗೆ ಸೊಸಿಯಾಗಿ ಬಂದು ಎರಡ ವರ್ಷ ಆಗಿತ್ತು. ಸಮೀರವಾಡಿಯೊಳಗ ಆಗ ಯಾರನ್ನ ಕೇಳಿದ್ರೂ ಕಬ್ಬು, ಕಾರ್ಖಾನಿ, ಬಿಲ್ಲು, ಇಷ್ಟ ಮಾತು. ಅಂಥಾದ್ರಾಗ ನಮ್ಮ ಮನಿ ಹುಡುಗ ರಷ್ಯಾಕ್ಕ ಹೊಂಟಾನ ಅಂದ್ರ ಮಹಾಲಿಂಗಪುರದ ಮಟ ಸುದ್ದಿ ಆಗಿತ್ತು. ಅವನ ಟಿಕೀಟು, ಅರಿವಿ, ಮೊದಲ ವರ್ಷದ ಖರ್ಚು ಅಂತ ರೊಕ್ಕ ಕಡಿಮಿ ಬಿತ್ತು. ಅತ್ತಿ ತಮ್ಮ ತವರಿಂದ ಹಾಕಿಕೊಂಡು ಬಂದ ಬೋರಮಾಳ ಸರ ತಗದು ಕೊಟ್ರು. ಪತ್ತಾರ ಅಂಗಡಿಯೊಳಗ ತೂಗಿ ರೊಕ್ಕ ಎಣಿಸೂ ಮುಂದ ನಾನೂ ಬಾಜೂಕ ಕುಂತಿದ್ದೆ. ಅತ್ತಿ ತಕ್ಕಡಿ ಕಡಿ ನೋಡಲೇ ಇಲ್ಲ, ಬಾಗಲ ಕಡಿ ನೋಡಕೋತ ಕುಂತಿದ್ರು.

ಆವಾಗ ಸೋವಿಯತ್ ಒಕ್ಕೂಟ ಅಂದ್ರ ನಮ್ಮ ದೇಶಕ್ಕ ಹತ್ತರದ ಬೀಗರಿದ್ದಂಗ. ನಡುವ ಡಾಲರ್ ಬೇಕಾಗಿರಲಿಲ್ಲ, ರೂಪಾಯಿ ಲೆಕ್ಕದಾಗ ವ್ಯಾಪಾರ ನಡೀತಿತ್ತು. ನಮ್ಮ ಚಹಾ, ಅರಿವಿ, ಔಷಧ ಅತ್ತಾಗ. ಅವರ ಯಂತ್ರ, ಎಣ್ಣಿ, ಸೈನ್ಯದ ಸಾಮಾನು ಇತ್ತಾಗ. ಕೊಡಗು, ಚಿಕ್ಕಮಗಳೂರಿನ ಕಾಫಿಗೂ ಅವರು ದೊಡ್ಡ ಗಿರಾಕಿ. ನಮ್ಮ ವಾರಿಗಿಯವರಿಗೆ ನೆನಪಿರಬೇಕು, ಸೋವಿಯತ್ ಪತ್ರಿಕಿ ಅಂತ ಒಂದು ಕನ್ನಡದಾಗ ಬರತಿತ್ತು. ಓದವರು ಕಡಿಮಿ, ಹಾಳಿ ಹೊಳಪ ಇರತಿತ್ತಲ್ಲ, ಸಾಲಿ ಪುಸ್ತಕಕ್ಕ ಅದನ್ನ ಹೊದಿಕಿ ಹಾಕತಿದ್ವಿ. ಅಂಥಾ ಗಟ್ಟಿ ದೇಶದ ರೊಕ್ಕ ಮುಳಗತೈತಿ ಅಂತ ಯಾರು ಅನಕೊಂಡಿದ್ರು?

ಈಗ ಆಲ್ಬಮ್ ತಗೀರಿ. ಮೊದಲನೇ ಹಾಳಿಯೊಳಗ 1961ರ ನೋಟು. ಒಂದ ರೂಬಲ್ ಕಂದು, ಮೂರ ರೂಬಲ್ ಹಸರು, ಐದು ನೀಲಿ, ಹತ್ತು ಕೆಂಪು. ಹೌದ್ರಿ, ಅವರಲ್ಲಿ ಮೂರ ರೂಬಲ್ಲಿನ ನೋಟೂ ಇತ್ತು. ಹತ್ತರಿಂದ ಮ್ಯಾಲಿನ ನೋಟಿನ್ಯಾಗ ಲೆನಿನ್. ಕಣ್ಣ ಹತ್ತರ ಹಿಡದು ನೋಡಿದ್ರ ಸಣ್ಣ ಅಕ್ಷರದಾಗ ಆ ನೋಟಿನ ಬೆಲಿ 15 ಭಾಷಾದಾಗ ಬರದದ್ದು ಕಾಣತೈತಿ. ಒಕ್ಕೂಟದಾಗ 15 ಗಣರಾಜ್ಯ ಇದ್ವು. ಉಕ್ರೇನ್, ಕಝಾಕಿಸ್ತಾನ, ಜಾರ್ಜಿಯಾ, ಅರ್ಮೇನಿಯಾ, ಹಿಂಗ ಎಲ್ಲಾರ ಭಾಷಾ. ನಮ್ಮ ನೋಟು ತಿರವಿ ನೋಡ್ರಿ, ಅಲ್ಲೂ ಒಂದು ಪಟ್ಟಿ ಐತಿ, ಅದರಾಗೂ 15 ಭಾಷಾ. ಮ್ಯಾಲಿಂದ ನಾಕನೇದು ನಮ್ಮ ಕನ್ನಡ. ಅಸ್ಸಾಮಿ, ಬಂಗಾಲಿ, ಗುಜರಾತಿ, ಆಮ್ಯಾಲ ನಾವು. ಇಷ್ಟ ವರ್ಷ ರೊಕ್ಕ ಎಣಿಸಿದ್ರೂ ಇದನ್ನ ನೋಡಿರಲಿಲ್ಲ ಅಂತ ಎಷ್ಟೋ ಮಂದಿ ಅಂತಾರ.

ಆ ಹಳೇ ನೋಟಿನ ಕಾಲದಾಗ ಮಾಸ್ಕೋ ಮೆಟ್ರೋ ರೈಲಿಗೆ ಐದು ಕೊಪೆಕ್. ನೂರು ಕೊಪೆಕ್‌ಗೆ ಒಂದು ರೂಬಲ್. 1961ರಿಂದ 1991ರ ತನಕ, 30 ವರ್ಷ, ಅದ ಐದು ಕೊಪೆಕ್. ಬೆಲಿ ಏರಸೂದಿಲ್ಲ ಅಂತ ಸರ್ಕಾರದ ಹಟ. ಆದ್ರ ಬೆಲಿ ಏರದಿದ್ರ ಏನಾತು, ಅಂಗಡಿಯೊಳಗ ಸಾಮಾನ ಇರಬೇಕಲ್ಲ? ರೊಕ್ಕ ಕೈಯಾಗ, ಮಾಲು ಇಲ್ಲ. ನಮ್ಮ ಊರಿನವರಿಗೆ ಚಂದಾಗಿ ತಿಳಿಯೂದು ಸಕ್ಕರಿ ಕಥಿ. 1985ರಾಗ ಗೋರ್ಬಚೇವ್ ಸರ್ಕಾರ ಸೆರೆ ಕುಡಿಯೂದನ್ನ ತಡೀಬೇಕಂತ ಬಿಗಿ ಮಾಡಿತು. ಅಂಗಡಿಯೊಳಗ ಸೆರೆ ಕಡಿಮಿ ಆತು, ಮಂದಿ ಮನಿಯೊಳಗ ಸಕ್ಕರಿ ಹಾಕಿ ಕಳ್ಳಬಟ್ಟಿ ಕಾಸಾಕ ಹತ್ತಿದ್ರು. ಅಂಗಡಿ ಸಕ್ಕರಿ ಎಲ್ಲಾ ಬಟ್ಟಿಗೆ ಹೋತು, ಚಹಾಕ್ಕ ಸಕ್ಕರಿ ಇಲ್ಲ! 1988-89ರ ಹೊತ್ತಿಗೆ ಊರೂರಿಗೆ ಸಕ್ಕರಿ ಕೂಪನ್ ಬಂತು. ನಮ್ಮ ಮೈದುನ ಮೊದಲನೇ ಪತ್ರದಾಗ ಬರದದ್ದು ಇದನ್ನ: "ವೈನಿ, ಇಲ್ಲಿ ಸಕ್ಕರಿಗೂ ಚೀಟಿ. ನಮ್ಮ ಊರಾಗ ಗಾಳಿಗೇ ಸಕ್ಕರಿ ವಾಸನಿ ಇರತೈತಿ ಅಂದ್ರ ಯಾರೂ ನಂಬೂದಿಲ್ಲ." ಅತ್ತಿ ಅದನ್ನ ಕೇಳಿ ಒಂದ ಡಬ್ಬಿ ಬೆಲ್ಲ ಕಟ್ಟಿಟ್ಟು, ಯಾರರ ಆ ಕಡಿ ಹೋಗವರು ಸಿಗತಾರೇನು ಅಂತ ಒಂದ ವರ್ಷ ಹಾದಿ ನೋಡಿದ್ರು.

ಎರಡನೇ ಹಾಳಿಯೊಳಗ 50 ಮತ್ತ 100 ರೂಬಲ್ ಇರಬೇಕಿತ್ತು, ಇಲ್ಲ. ಆ ಜಾಗಾ ಖಾಲಿ ಬಿಟ್ಟೀನಿ. ಯಾಕಂದ್ರ 1991ರ ಜನವರಿ 22, ಮಂಗಳವಾರ, ರಾತ್ರಿ 9ರ ಟಿವಿ ಸುದ್ದಿಯೊಳಗ ಹೇಳಿದ್ರು, 1961ರ 50 ಮತ್ತ 100ರ ನೋಟು ಇನ್ನ ನಡಿಯೂದಿಲ್ಲ ಅಂತ. ಬದಲಿ ಮಾಡಕೊಳ್ಳಾಕ ಮೂರ ದಿನ, ಒಬ್ಬರಿಗೆ ಒಂದ ಸಾವಿರ ರೂಬಲ್ ಮಟ. ಬ್ಯಾಂಕಿನ್ಯಾಗ ಇಟ್ಟದ್ದನ್ನೂ ತಿಂಗಳಿಗೆ 500ರಕಿಂತ ಹೆಚ್ಚು ತಗಿಯೂಹಂಗಿಲ್ಲ. ಇದನ್ನ ಮಾಡಿದ ಪ್ರಧಾನಿ ಪಾವ್ಲೋವ್, ಕಪ್ಪು ರೊಕ್ಕ ಹಿಡೀತೀನಿ ಅಂದಿದ್ರು. ಮಂಗಳವಾರ, ರಾತ್ರಿ, ಟಿವಿ, ಕಪ್ಪು ರೊಕ್ಕ. ನಿಮಗೂ ಏನರ ನೆನಪಾಗಿರಬೇಕು. ನಮ್ಮ 2016ರ ನವೆಂಬರ್ 8 ಕೂಡ ಮಂಗಳವಾರ, ರಾತ್ರಿ 8 ಗಂಟೆ. ಅದಕ್ಕ ಆಮ್ಯಾಲ ಬರತೀನಿ.

1991ರ ಡಿಸೆಂಬರ್ 25ಕ್ಕ ಗೋರ್ಬಚೇವ್ ರಾಜೀನಾಮೆ ಕೊಟ್ಟರು, ಸೋವಿಯತ್ ಒಕ್ಕೂಟ ಮುಗೀತು. ಆದ್ರ ನೋಟು ನೋಡ್ರಿ. 1992ರಾಗ ಹೊಸದಾಗಿ ಅಚ್ಚಾದ 200, 500, 1000ದ ನೋಟಿನ ಮ್ಯಾಲೂ ಸೋವಿಯತ್ ಸ್ಟೇಟ್ ಬ್ಯಾಂಕ್ ಅಂತನ ಐತಿ, ಲೆನಿನ್‌ನೂ ಇದ್ದಾನ. ಮನಿ ಹಿರೇರು ತೀರಿಕೊಂಡ ಮ್ಯಾಲೂ ಕರೆಂಟ್ ಬಿಲ್ಲು ವರ್ಷಾನಗಟ್ಟಲೆ ಅವರ ಹೆಸರಲೇ ಬರತೈತಲ್ಲ, ಹಂಗ.

1992ರ ಜನವರಿ 2ಕ್ಕ ರಷ್ಯಾ ಸರ್ಕಾರ ಬಹಳಷ್ಟು ಸಾಮಾನಿನ ಬೆಲಿಗೆ ಹಾಕಿದ್ದ ಕಟ್ಟು ಬಿಚ್ಚಿತು. ಅಂಗಡಿಯವರು ತಮಗ ಬೇಕಾದ ಬೆಲಿ ಹಚ್ಚಬಹುದು. ಅಂಗಡಿಯೊಳಗ ಸಾಮಾನು ಬಂತು, ಕೈಯಾಗಿನ ರೊಕ್ಕ ಕರಗಿತು. ಆ ಒಂದ ವರ್ಷದಾಗ ಬೆಲಿ ಸುಮಾರು 26 ಪಟ್ಟು ಏರಿತು. ಇಪ್ಪತ್ತಾರು ಪರ್ಸೆಂಟ್ ಅಲ್ರಿ, ಇಪ್ಪತ್ತಾರು ಪಟ್ಟು. ನಮ್ಮಲ್ಲಿ ಜನವರಿಯೊಳಗ 10 ರೂಪಾಯಿಗೆ ಸಿಗೂ ಬ್ಯಾಳಿ ಡಿಸೆಂಬರ್‌ದಾಗ 260 ಆದ್ರ ಏನ ಮಾಡತೀವಿ? ಲಗ್ನಕ್ಕ, ಮಣ್ಣಿಗೆ ಅಂತ ಕೂಡಿಟ್ಟ ರೊಕ್ಕ ಒಂದ ಚಳಿಗಾಲದಾಗ ಹೋತು. ಅಚ್ಚು ಹಾಕೂದಕ್ಕೂ ಪುರಸತ್ತಿಲ್ಲ, ಸೊನ್ನಿ ಹೆಚ್ಚಗೋತ ಹೋದ್ವು. ಅದ ವರ್ಷ 5,000 ಮತ್ತ 10,000ದ ನೋಟು ಬಂದ್ವು. ಅವುಗಳ ಮ್ಯಾಲ ಲೆನಿನ್ ಇಲ್ಲ, ಬ್ಯಾಂಕ್ ಆಫ್ ರಷ್ಯಾ ಅಂತ ಹೊಸ ಹೆಸರು. ಮೆಟ್ರೋ ಐದು ಕೊಪೆಕ್ ಇದ್ದದ್ದು 1993ರ ಬ್ಯಾಸಗಿಗೆ 10 ರೂಬಲ್ ಆಗಿತ್ತು.

ಈಗ ಆ 31 ನೋಟಿನ ಹಾಳಿ. 1000ದವು 18, 500ರವು 6, 200ರವು 7. ಕೂಡಿಸಿದ್ರ 22,400 ರೂಬಲ್. 1990ರಾಗ ರಷ್ಯಾದ ಒಬ್ಬ ನೌಕರನ ಸರಾಸರಿ ಪಗಾರ ತಿಂಗಳಿಗೆ ಸುಮಾರು 300 ರೂಬಲ್. ಅಂದ್ರ ಮೈದುನ ಹೋದ ವರ್ಷ ಇದು ಆರ ವರ್ಷದ ದುಡಿಮಿ. 1993ರ ಜುಲೈದಾಗ? ಡಾಲರಿಗೆ ಹತ್ತಿರ ಹತ್ತಿರ ಸಾವಿರ ರೂಬಲ್, ಅಂದ್ರ 22 ಡಾಲರ್ ಚಿಲ್ಲರ, ನಮ್ಮ ಲೆಕ್ಕದಾಗ ಒಂದು 700 ರೂಪಾಯಿ. ಒಂದ ತಿಂಗಳ ಕಿರಾಣಿ.

ಆ ವರ್ಷ ಮೈದುನ ರಜಾಕ್ಕ ಬಂದಿದ್ದ. ತಿರಗಿ ಹೋಗಿ ಇಳದ ಕೂಡಲೆ ಖರ್ಚಿಗೆ ಬೇಕಾಗತಾವಂತ ಈ ನೋಟು ಚೀಲದಾಗ ಉಳಿಸಿಕೊಂಡಿದ್ದ. ಪಂಚಮಿ ಹಬ್ಬದ ಹೊತ್ತು, ಮನಿ ತುಂಬ ಹೆಣ್ಮಕ್ಕಳು, ಉಂಡಿ ಕಟ್ಟೂ ಗದ್ದಲ, ಹಿತ್ತಲದ ಬೇವಿನ ಗಿಡಕ್ಕ ಜೋಕಾಲಿ. ಜುಲೈ 24, ಶನಿವಾರ, ಅತ್ತ ರಷ್ಯಾದಾಗ ಹೇಳಿದ್ರು: 1961ರಿಂದ 1992ರ ತನಕದ ನೋಟು ಸೋಮವಾರದಿಂದ ನಡಿಯೂದಿಲ್ಲ, ಒಬ್ಬರಿಗೆ 35,000 ರೂಬಲ್ ಮಟ ಬದಲಿ. ಮಂದಿ ಸಿಟ್ಟಿಗೆದ್ದರು, ಅಧ್ಯಕ್ಷ ಯೆಲ್ತ್ಸಿನ್ ಎರಡ ದಿನದಾಗ ಅದನ್ನ ಒಂದ ಲಕ್ಷಕ್ಕ ಏರಿಸಿ ಆಗಸ್ಟ್ ಕಡೀತನಕ ಗಡುವು ಕೊಟ್ಟರು. ಇಲ್ಲಿ ನಮಗ ಸುದ್ದಿ ಗೊತ್ತಾಗೂದರಾಗ ಪಂಚಮಿ ಮುಗಿದು ಉಂಡಿ ಡಬ್ಬಿ ತಳಾ ಕಂಡಿತ್ತು. ಮೈದುನ ತಿರಗಿ ಹೋಗೂದು ಸೆಪ್ಟೆಂಬರ್‌ಕ್ಕ. ಅಷ್ಟರಾಗ ಗಡುವು ಮುಗದು ಹೋಗಿರತಿತ್ತು.

ಅವ ನನಗ ಅಡಗಿ ಮನ್ಯಾಗ ಬಂದು ಹೇಳಿದ, "ವೈನಿ, ಇವು ಕಾಗದ ಆದ್ವು." ಅದ ಹೊತ್ತಿಗೆ ಅತ್ತಿ ಒಳಗ ಬಂದ್ರು. ಅವನ ಕೈಯಾಗಿನ ಗಂಟು ನೋಡಿ, "ಎಷ್ಟಪಾ ಅದು?" ಅಂದ್ರು. ಅವ "22 ಸಾವಿರ, ಅವ್ವ" ಅಂದ. ಅದು ಸುಳ್ಳಲ್ಲ. ಅತ್ತಿಯ ಮಾರಿ ಹ್ಯಾಂಗ ಅರಳಿತಂದ್ರ, ಮುಂದಿನ ಮಾತು ಅವನ ಗಂಟಲದಾಗ ಉಳೀತು. "ನನ್ನ ಬೋರಮಾಳ ತಿರಗಿ ಬಂದಂಗಾತು ಬಿಡು" ಅಂದ್ರು. ಅವ ನನ್ನ ಮಾರಿ ನೋಡಿದ, ನಾ ಅವನ ಮಾರಿ ನೋಡಿದೆ. "ಇಟ್ಕೋ ಅವ್ವ, ನಿನ್ನ ಕಡೆ ಇರಲಿ" ಅಂದ. ನಾ ರೊಟ್ಟಿ ಬಡಿಯಾಕ ಹತ್ತಿದೆ. ಆವತ್ತ ನಾನರ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ನಾಳೆ ಹೇಳೂಣು, ಹಬ್ಬ ಆಗಲಿ, ಅವ ಹೋಗಲಿ, ಹಿಂಗ ಅನಕೋತ 23 ವರ್ಷ ಹೋದ್ವು.

ಅತ್ತ ರೂಬಲ್ ಬೀಳೂದು ನಿಂದರಲಿಲ್ಲ. 1994ರ ಅಕ್ಟೋಬರ್ 11ಕ್ಕ ಒಂದ ದಿನದಾಗ ಡಾಲರ್ 3,081 ರೂಬಲ್ಲಿಂದ 3,926ಕ್ಕ ಏರಿತು. ಅದೂ ಮಂಗಳವಾರ, ರಷ್ಯಾದವರು ಅದಕ್ಕ ಕಪ್ಪು ಮಂಗಳವಾರ ಅಂತಾರ. 1993ರ ಹೊಸ ನೋಟಿನ್ಯಾಗ ಲೆನಿನ್ ಪೂರಾ ಹೋಗಿ ಕ್ರೆಮ್ಲಿನ್ ಕ್ವಾಟಿಯೂ ಮೂರ ಬಣ್ಣದ ಬಾವುಟವೂ ಬಂದ್ವು. ಆ 15 ಭಾಷಾ ಹೋಗಿ ರಷ್ಯನ್ ಒಂದ ಉಳೀತು. ಹಳೇ ರೂಬಲ್ ನಂಬಿಕೊಂಡಿದ್ದ ನೆರೆಮನಿ ದೇಶಗಳು ತಮ್ಮ ತಮ್ಮ ರೊಕ್ಕ ಮಾಡಿಕೊಂಡ್ವು. ಕಝಾಕಿಸ್ತಾನ ಅದ ವರ್ಷ ನವೆಂಬರ್‌ದಾಗ ಟೆಂಗೆ ತಂದಿತು. ಬೇರೆ ಒಲಿ ಹೂಡೂದು ಅಂತೀವಲ್ಲ, ಹಂಗ. 1995ರ ನೋಟಿನ್ಯಾಗ ಊರುಗಳ ಚಿತ್ರ: 5,000ಕ್ಕ ನೋವ್ಗೊರೊಡ್, 10,000ಕ್ಕ ಕ್ರಾಸ್ನೊಯಾರ್ಸ್ಕ್, ಒಂದ ಲಕ್ಷಕ್ಕ ಮಾಸ್ಕೋದ ಬೊಲ್ಶೊಯ್ ನಾಟಕಶಾಲಿ. 1997ರಾಗ ಐದು ಲಕ್ಷದ ನೋಟು ಬಂತು. ಮೆಟ್ರೋಕ್ಕ ಆಗ 1,500 ರೂಬಲ್. ಐದು ಕೊಪೆಕ್‌ಗೆ ಹೋಲಿಸಿದ್ರ 30,000 ಪಟ್ಟು.

1998ರ ಜನವರಿ 1ಕ್ಕ ಮೂರ ಸೊನ್ನಿ ಅಳಿಸಿದ್ರು. ಸಾವಿರ ಹಳೇ ರೂಬಲ್ಲಿಗೆ ಒಂದ ಹೊಸಾದು. ಈ ಎರಡ ನೋಟು ಬಾಜೂಕ ಬಾಜೂಕ ಇಟ್ಟೀನಿ ನೋಡ್ರಿ: ಅದ ನೋವ್ಗೊರೊಡ್ ಚಿತ್ರ, ಒಂದರ ಮ್ಯಾಲ 5,000, ಇನ್ನೊಂದರ ಮ್ಯಾಲ 5. ಈ ಸಲ ಬುದ್ಧಿ ಕಲತಿದ್ರು. ಮೂರ ದಿನದ ಗಡುವಿಲ್ಲ, ಆ ವರ್ಷ ಪೂರಾ ಎರಡೂ ನಡದ್ವು, ಬ್ಯಾಂಕಿನ್ಯಾಗ 2002ರ ಕಡೀತನಕ ಬದಲಿ ಕೊಟ್ಟರು. ಆದ್ರೂ ಆಗಸ್ಟ್ 17ಕ್ಕ ಸರ್ಕಾರನ ಸಾಲ ತೀರಸಾಕ ಆಗೂದಿಲ್ಲ ಅಂತ ಕೈ ಎತ್ತಿತು. ಡಾಲರಿಗೆ 6 ಇದ್ದ ಹೊಸ ರೂಬಲ್ ವರ್ಷದ ಕಡೀಕ 20 ದಾಟಿತು. ಅಷ್ಟರಾಗ ಮೈದುನ ಕಲತು ಮುಗಿಸಿ ಊರಿಗೆ ಬಂದಿದ್ದ. ದವಾಖಾನಿ ಹಾಕಿದ, ನಾಕ ರೊಕ್ಕ ಆದ ಮ್ಯಾಲ ಅವ್ವಗ ಹೊಸ ಬೋರಮಾಳ ಮಾಡಿಸಿ ತಂದ. ಅತ್ತಿ ಹಾಕಿಕೊಂಡ್ರು, ಚಂದ ಐತಿ ಅಂದ್ರು, ತಗದಿಟ್ರು. "ಇದು ಮಗಾ ಮಾಡಿಸಿದ್ದು. ಅದು ನಮ್ಮಪ್ಪ ಹಾಕಿದ್ದು" ಅಂತ ನನ್ನ ಮುಂದ ಅಂದ್ರು. ಟ್ರಂಕಿನ್ಯಾಗಿನ ಗಂಟು ಹಂಗ ಇತ್ತು, ನನ್ನ ಮಗಳ ಲಗ್ನಕ್ಕ ಅಂತ.

ಮುಂದ ನಮ್ಮ 2016. ನೋಟು ರದ್ದು ಮಾಡೂದು ನಮ್ಮಲ್ಲಿ ಹೊಸಾದಲ್ಲ. 1946ರ ಜನವರಿಯೊಳಗ ಬ್ರಿಟಿಷ್ ಸರ್ಕಾರ 500, 1,000, 10,000ದ ನೋಟು ರದ್ದು ಮಾಡಿತ್ತು, 1978ರ ಜನವರಿಯೊಳಗ ಮೊರಾರ್ಜಿ ದೇಸಾಯಿ ಸರ್ಕಾರ 1,000, 5,000, 10,000ದ್ದು. ಆದ್ರ ಆವಾಗ ಅಷ್ಟು ದೊಡ್ಡ ನೋಟು ನಮ್ಮಂಥಾ ಹೆಣ್ಮಕ್ಕಳ ಸೆರಗಿನ್ಯಾಗ ಎಲ್ಲಿರತಿದ್ವು? 2016ರ ಹೊತ್ತಿಗೆ ಹಂಗಿರಲಿಲ್ಲ. ಚಲಾವಣಿಯೊಳಗಿದ್ದ ರೊಕ್ಕದಾಗ ಬೆಲಿ ಲೆಕ್ಕಕ್ಕ ನೂರಕ್ಕ 86ರಷ್ಟು 500 ಮತ್ತ 1,000ದ ನೋಟ. ಸಾಸಿವಿ ಡಬ್ಬಿ, ಜ್ವಾಳದ ಗುಮ್ಮಿ, ಕುಬಸದ ಮಡಿಕಿ, ಎಲ್ಲಿ ಕೈ ಹಾಕಿದ್ರೂ ಐದನೂರಾವ. ನಾವು ನಗಿಚಾಟಕಿಗೆ ಅದಕ್ಕ ಕಳ್ಳಗಂಟು ಅಂತೀವಿ, ಖರೇ ಅಂದ್ರ ಅದು ಕಳವಿನ ರೊಕ್ಕ ಅಲ್ಲ. ಹಾಲು ಮಾರಿ, ಶಾವಿಗಿ ಹೊಸದು, ಸಂತಿ ರೊಕ್ಕದಾಗ ಉಳಿಸಿ ಕೂಡಿಸಿದ್ದು. ಆ ನವೆಂಬರ್‌ದಾಗ ಎಷ್ಟು ಮನಿಯೊಳಗ ಗಂಡಗ ಗೊತ್ತಿಲ್ಲದ ಗಂಟು ಹೊರಗ ಬಂದ್ವು, ನಿಮಗ ನಾ ಹೇಳೂದು ಬ್ಯಾಡ.

ಅತ್ತಿ ಆಗ ಪುಣೆಯೊಳಗ ಮಗಳ ಮನಿಯೊಳಗಿದ್ರು. ಹೋಗೂ ಮುಂದ ನನಗ ಏನೂ ಹೇಳಿರಲಿಲ್ಲ. ಡಿಸೆಂಬರ್ 30ಕ್ಕ ಬ್ಯಾಂಕಿಗೆ ತುಂಬೂ ಗಡುವು ಮುಗೀತು. ಸಂಕ್ರಮಣಕ್ಕ ಊರಿಗೆ ಬಂದು ಇಳಕಲ್ ಸೀರಿ ತಗಿಯಾಕ ಟ್ರಂಕು ತಗದ್ರು. ಸೀರಿ ಮಡಿಕಿಯೊಳಗಿಂದ 500ರ 17 ನೋಟು ಬಿದ್ವು. ಅವುಗಳ ಕೆಳಗ ರಷ್ಯಾದ ಗಂಟು.

ಮಾರ್ಚ್ ತನಕ ಗಡುವು ಇದ್ದದ್ದು ಆ ಹೊತ್ತಿನ್ಯಾಗ ಪರದೇಶದಾಗ ಇದ್ದವರಿಗೆ. ಪುಣೆ ಪರದೇಶ ಅಲ್ಲ. 8,500 ರೂಪಾಯಿ ಹೋತು. ಅತ್ತಿ ಸ್ವಲ್ಪ ಹೊತ್ತು ಸುಮ್ನ ಕುಂತು, ಆಮ್ಯಾಲ ರಷ್ಯಾದ ಗಂಟು ನನ್ನ ಕೈಯಾಗ ಕೊಟ್ಟರು.

"ಹೋಗಲಿ ಬಿಡ ತಂಗಿ. ಇವು ಅದಾವಲ್ಲ, ಇವನ್ನರ ಬದಲಿ ಮಾಡಸೂಣು."

ಇನ್ನ ಮುಚ್ಚಾಕ ಆಗಲಿಲ್ಲ. "ಅತ್ತೀ, ಅವೂ ಸತ್ತಾವ್ರಿ" ಅಂದೆ.

"ಯಾವಾಗ?"

"ಅವು ನಿಮ್ಮ ಕೈಗೆ ಬಂದ ವರ್ಷನ. ಪಂಚಮಿ ಹೊತ್ತಿನ್ಯಾಗ."

"ನಿನಗ ಯಾವಾಗ ಗೊತ್ತಾತು?"

"ಆವಾಗ್ಲೇ ಗೊತ್ತಿತ್ರಿ."

ಬೈತಾರ, ಅಳತಾರ ಅನಕೊಂಡಿದ್ದೆ. ಎರಡೂ ಇಲ್ಲ. ಬಾಳ ಹೊತ್ತಾದ ಮ್ಯಾಲ ಒಂದ ಮಾತ ಕೇಳಿದ್ರು: "ಅಲ್ಲಿ ಮುದಕ್ಯಾರು ಏನ ಮಾಡಿದ್ರವಾ?" ನನಗ ಉತ್ತರ ಗೊತ್ತಿರಲಿಲ್ಲ. ಆವತ್ತ ರಾತ್ರಿ ಅತ್ತಿ ಮೈದುನಗ ಫೋನ್ ಹಚ್ಚಿ, "ನನಗ ಯಾಕ ಹೇಳಲಿಲ್ಲಪಾ?" ಅಂದ್ರು. ಆ ಕಡಿ ಅವ ಬಾಳ ಹೊತ್ತು ಮಾತಾಡಲಿಲ್ಲ. ಮರುದಿನದಿಂದ ನಾ ಓದಾಕ, ಅವನ್ನ ಕೇಳಾಕ ಹತ್ತಿದೆ. ಈ ಆಲ್ಬಮ್ ಶುರುವಾದದ್ದು ಅತ್ತಿಯ ಆ ಪ್ರಶ್ನೆಕ್ಕ.

ಅಲ್ಲಿಯ ಮುದಕ್ಯಾರು ಬೀದಿಗೆ ಬಂದ್ರು. 1992ರ ಜನವರಿ ಕಡೀಕ ಯಾರು ಬೇಕಾದರೂ ಎಲ್ಲಿ ಬೇಕಾದರೂ ಮಾರಬಹುದು ಅಂತ ಯೆಲ್ತ್ಸಿನ್ ಆಜ್ಞಾ ಮಾಡಿದ್ರು. ಮೆಟ್ರೋ ನಿಲ್ದಾಣದ ಬಾಗಲದಾಗ ಹಿಮದಾಗ ಸಾಲು ಹಿಡದು ನಿಂತರು. ಒಬ್ಬಾಕಿ ಕೈಯಾಗ ಒಂದ ಜೋಡ ಬೂಟು, ಒಬ್ಬಾಕಿ ಕೈಯಾಗ ಚಮಚಾ, ಒಬ್ಬಾಕಿ ತಾನ ಹೆಣದ ಸ್ವೆಟರ್. ಮೈದುನ ಇದನ್ನ ಕಣ್ಣಾರೆ ಕಂಡಾನ. ಸಾಲಿ ಟೀಚರ್ ಆಗಿದ್ದವರು, ನರ್ಸ್ ಆಗಿದ್ದವರು. ಊರ ಹೊರಗ ಸಣ್ಣ ತೋಟ ಇದ್ದವರು ಬಟಾಟಿ ಹಚ್ಚಿದ್ರು, ಕ್ಯಾಬೀಜ, ಸೌತಿಕಾಯಿ ಉಪ್ಪಿನ್ಯಾಗ ಹಾಕಿ ಬರಣಿ ತುಂಬಿದ್ರು. ಚಳಿಗಾಲ ಅದರ ಮ್ಯಾಲ ಕಳದ್ರು. 1992ರ ಅಕ್ಟೋಬರ್‌ದಿಂದ ಸರ್ಕಾರ ಮಂದಿಗೆ ತಲಿಗೊಂದು ವೌಚರ್ ಕೊಟ್ಟಿತು, ಮುಖಬೆಲಿ 10,000 ರೂಬಲ್, ಸರ್ಕಾರಿ ಕಾರ್ಖಾನಿಯೊಳಗ ನಿಮ್ಮದೂ ಪಾಲು ಅಂತ. ಹಸಿವಿ ಇದ್ದವರು ಅದನ್ನ ಬಂದಷ್ಟಕ್ಕ ಮಾರಿದ್ರು, ರೊಕ್ಕ ಇದ್ದವರು ಕೊಂಡು ಕಾರ್ಖಾನಿ ಮಾಲಕರಾದ್ರು. ಸೋವಿಯತ್ ಉಳಿತಾಯ ಬ್ಯಾಂಕಿನ್ಯಾಗ ಇಟ್ಟವರ ರೊಕ್ಕ ಪಾಸ್‌ಬುಕ್ಕಿನ್ಯಾಗ ಅಂಕಿ ಆಗಿ ಉಳೀತು. 1995ರಾಗ ಅದನ್ನ ತುಂಬಿ ಕೊಡತೀವಿ ಅಂತ ಕಾಯ್ದೆ ಆತು. ಮೊದಲ ಬಾಳ ವಯಸ್ಸಾದವರಿಗೆ, ಆಮ್ಯಾಲ ಉಳಿದವರಿಗೆ, ಹನಿ ಹನಿ ಪರಿಹಾರ. ಕಾಯ್ಕೋತ ಕುಂತು ಸತ್ತವರೆಷ್ಟೋ.

ಇದನ್ನೆಲ್ಲಾ ಅತ್ತಿಗೆ ಓದಿ ಹೇಳಿದೆ. "ಉಪ್ಪಿನಕಾಯಿ ಮಾಡಾಕ ಬಂದಾಕಿ ಬದಕಿದ್ಲು ಅನ್ನು" ಅಂದ್ರು.

ಆ 17 ನೋಟಿಂದೂ ಒಂದ ಮಾತ ಐತಿ. 2017ರಾಗ ಕೇಂದ್ರ ಸರ್ಕಾರ ಕಾಯ್ದೆ ಮಾಡಿತು: ರದ್ದಾದ ನೋಟು 10ಕ್ಕಿಂತ ಹೆಚ್ಚು ಇಟ್ಕೊಂಡ್ರ ಅಪರಾಧ, ದಂಡ ಬೀಳತೈತಿ. ಆದ್ರ ಅಭ್ಯಾಸ, ಸಂಶೋಧನೆ, ನೋಟು-ನಾಣ್ಯದ ಸಂಗ್ರಹಕ್ಕ ಅಂತಾದ್ರ 25ರ ತನಕ ಇಟ್ಕೋಬಹುದು. ಹಿಂಗಾಗಿ ಸಾಲಿ ಮಾರಿ ಕಾಣದ ನಮ್ಮತ್ತಿ ಕಾಯ್ದೇ ಪ್ರಕಾರ ಸಂಗ್ರಹಕಾರರಾದ್ರು. ಮುಂದ ರಿಸರ್ವ್ ಬ್ಯಾಂಕ್ ಲೆಕ್ಕ ಹೇಳಿತು, ರದ್ದಾದ ನೋಟಿನ್ಯಾಗ ನೂರಕ್ಕ 99ರಮ್ಯಾಲ ತಿರಗಿ ಬಂದಾವಂತ. ಬರದ ಉಳಿದ ಚೂರಿನ್ಯಾಗ ನಮ್ಮತ್ತಿಯ 17 ಅದಾವ. ಎಲ್ಲಾರೂ ಅದು ಕಪ್ಪು ರೊಕ್ಕ ಅಂತಾರ. ನಮ್ಮ ಮನಿಯೊಳಗ ಅದು ಎಮ್ಮಿ ಹಾಲಿನ ರೊಕ್ಕ.

ಬೆಲಿ ಎಷ್ಟು ಬರತೈತಿ ಅಂತ ಕೇಳವರಿಗೆ: ಈ ರಷ್ಯಾ ನೋಟು ಅಚ್ಚಾದದ್ದು ರಾಶಿಗಟ್ಟಲೆ, ಅದಕ್ಕ ಸಾದಾ ನೋಟಿಗೆ ದೊಡ್ಡ ಬೆಲಿ ಇಲ್ಲ. ಲಕ್ಷಾಂತರ ಕೊಡತೀವಿ, ಮೊದಲ ನೋಂದಣಿ ರೊಕ್ಕ ಹಾಕ್ರಿ ಅಂತ ಫೋನ್ ಮಾಡವರನ್ನ ನಂಬಬ್ಯಾಡ್ರಿ. ಇಡೂ ರೀತಿ ಮಾತ್ರ ತಿಳಕೋರಿ. ಲ್ಯಾಮಿನೇಶನ್ ಮಾಡಸಬ್ಯಾಡ್ರಿ, ಟೇಪು ಹಚ್ಚಬ್ಯಾಡ್ರಿ, ಸ್ಟೇಪ್ಲರ್ ಹೊಡೀಬ್ಯಾಡ್ರಿ, ಇಸ್ತ್ರಿ ಬ್ಯಾಡ, ತೊಳೆಯೂದಂತೂ ಬ್ಯಾಡ್ರಿ. ಡಾಂಬರ ಗುಳಗಿ ಹತ್ತರ ಇಡಬ್ಯಾಡ್ರಿ. ದೀಪಾವಳಿ ಲಕ್ಷ್ಮಿ ಪೂಜಾದಾಗ ನೋಟಿಗೆ ಕುಂಕುಮ ಹಚ್ಚತೀವಲ್ಲ, ಆ ಕಲಿ ಹೋಗೂದಿಲ್ಲ, ನೋಟಿನ ಬೆಲಿ ಹೋಗತೈತಿ. ಅಗ್ಗದ ಪ್ಲಾಸ್ಟಿಕ್ ಹಾಳಿ ವರ್ಷ ಹೋದಂಗ ಅಂಟಾಗತೈತಿ. ನೋಟಿಗಂತನ ಮಾಡಿದ ಹಾಳಿ ಸಿಗತಾವ. ಮಡಚದ, ಒಣಗಿದ ಜಾಗಾದಾಗ ಮಲಗಿಸಿ ಇಡ್ರಿ.

ರಷ್ಯಾದ್ದ ಆಗಬೇಕಂತಿಲ್ಲ. ನನ್ನ ತವರು ಲಿಂಗಸೂಗೂರ ಕಡಿ, ಅದು ಹೈದರಾಬಾದ್ ನಿಜಾಮರ ಸೀಮಿ. ನಮ್ಮವ್ವನ ಕಡಿ ಹಾಲಿ ಸಿಕ್ಕಾದ ನಿಜಾಮರ ಕಾಲದ ಒಂದ ನೋಟೈತಿ. ಅದರ ಮ್ಯಾಲ ಉರ್ದು, ಮರಾಠಿ, ತೆಲುಗು ಜೊತಿ ನಮ್ಮ ಕನ್ನಡನೂ ಐತಿ. ಏಳು ಹಾಲಿ ರೂಪಾಯಿಗೆ ಆರು ಇಂಡಿಯಾ ರೂಪಾಯಿ ಲೆಕ್ಕ. 1950ರ ದಶಕದಾಗ ಅದೂ ಬಂದ್ ಆತು. ಬೆಂಗಳೂರಿನ್ಯಾಗ ರಿಜ್ವಾನ್ ರಜಾಕ್ ಅವರು ಬರೇ ಭಾರತದ ಕಾಗದದ ರೊಕ್ಕಕ್ಕಂತನ ಒಂದ ಮ್ಯೂಸಿಯಂ ಮಾಡ್ಯಾರ. ಮೈಸೂರಿನ್ಯಾಗ ರಿಸರ್ವ್ ಬ್ಯಾಂಕಿನ ನೋಟು ಅಚ್ಚಿನ ಕಾರ್ಖಾನಿ ಐತಿ, ನೋಟಿನ ಕಾಗದದ್ದೂ ಐತಿ. ನಮ್ಮ ಕೈಯಾಗಿನ ನೋಟು ಎಷ್ಟೋ ನಮ್ಮ ನಾಡಿನ್ಯಾಗ ಹುಟ್ಟಿದವು.

ನಮ್ಮ ಮನಿಯೊಳಗ ಈಗ ಒಂದ ಪದ್ಧತಿ ಮಾಡೀವಿ. ಕಳ್ಳಗಂಟು ಯಾರೂ ಬಿಟ್ಟಿಲ್ಲ, ಬಿಡೂದೂ ಬ್ಯಾಡ. ಆದ್ರ ಪ್ರತಿ ಪಂಚಮಿಗೆ ಹೆಣ್ಮಕ್ಕಳೆಲ್ಲಾ ಕೂಡಿ ಕುಂತು, ಯಾರ ಗಂಟು ಎಲ್ಲೈತಿ ಅಂತ ಒಬ್ಬರಿಗೊಬ್ಬರು ಹೇಳತೀವಿ. ಗಂಡಸರಿಗೆ ಹೇಳೂದು ಬಿಡೂದು ಅವರವರ ಮರ್ಜಿ. ಅತ್ತಿ ಹೆಸರಿಲೆ ಬ್ಯಾಂಕಿನ್ಯಾಗ ಖಾತೆ ಐತಿ, ನಾಮಿನಿ ನನ್ನ ಮಗಳು. 2023ರ ಮೇ ತಿಂಗಳದಾಗ 2,000ದ ನೋಟು ವಾಪಸ್ ಅಂದಾಗ ಅತ್ತಿ ಅದ ದಿನ ಟ್ರಂಕಿನ ಕೀಲಿ ನನ್ನ ಕೈಯಾಗ ಕೊಟ್ಟು, "ನೀನ ನೋಡ ತಂಗಿ, ನನಗ ಸರಿ ಕಾಣೂದಿಲ್ಲ" ಅಂದ್ರು. ಒಂದೂ ಇರಲಿಲ್ಲ.

ಮಗಳ ಲಗ್ನದಾಗ ಅತ್ತಿ ಆಕಿಗೆ ಹೊಸ ಬೋರಮಾಳ ಹಾಕಿದ್ರು, ಜೊತಿಗೆ 1000 ರೂಬಲ್ಲಿನ ಒಂದ ಲೆನಿನ್ ನೋಟು ಕೊಟ್ಟರು. ಆಕಿ ತಗೊಂಡು, ಮಡಚದ, ಮತ್ತ ನನ್ನ ಆಲ್ಬಮ್ಮಿನ್ಯಾಗ ಇಟ್ಟಾಳ. ಅದಕ್ಕ ಎಣಿಕಿ ಇನ್ನೂ 43. ನೋಡಬೇಕಂದ್ರ ಬರ್ರಿ, ಮಧ್ಯಾಹ್ನ ಮೂರರ ಮ್ಯಾಲ ನಾ ಮನಿಯಾಗ ಇರತೀನಿ. ಅತ್ತಿನೂ ಕಟ್ಟಿ ಮ್ಯಾಲ ಕುಂತಿರತಾರ, ಕೇಳಿದ್ರ ಅವರ ಹೇಳತಾರ. ಕೈ ಮಾತ್ರ ತೊಳಕೊಂಡು ಒರಸಿಕೊಂಡು ಬರ್ರಿ.